ಪ್ರಯಾಣಿಕರ ಗಮನಕ್ಕೆ

ಒಂದು ನಿಮಿಷ ಎಲ್ಲರ ಬಾಯಿ ಮುಚ್ಚಿಸುವುದು ನನ್ನ ಹೊಟ್ಟೆಪಾಡು. ನಾನು ಸಾಕ್ಷ್ಯಚಿತ್ರಗಳಿಗೆ ಸದ್ದು ಹಿಡಿಯುವವನು. ಸಂದರ್ಶನ ಮುಗಿದ ಮೇಲೆ ಅದೇ ಕೋಣೆಯಲ್ಲಿ, ಅದೇ ಕುರ್ಚಿಗಳಲ್ಲಿ, ಯಾರೂ ಏಳದೆ ಕೆಮ್ಮದೆ ಕೂತಿರಬೇಕು; ನಾನು ಒಂದು ನಿಮಿಷದ ಖಾಲಿ ಸದ್ದನ್ನು ಹಿಡಿದಿಟ್ಟುಕೊಳ್ಳುತ್ತೇನೆ. ಪ್ರತಿ ಕೋಣೆಗೂ ಅದರದೇ ಒಂದು ಮೌನ ಇರುತ್ತದೆ. ಒಂದರಲ್ಲಿ ಫ್ರಿಜ್ಜು ಗುನುಗುತ್ತದೆ, ಇನ್ನೊಂದರಲ್ಲಿ ಟ್ಯೂಬ್‌ಲೈಟು ಜಿರ್ರೆನ್ನುತ್ತದೆ. ಎಡಿಟಿಂಗಿನಲ್ಲಿ ಮಾತಿಗೆ ಕತ್ತರಿ ಬಿದ್ದ ಕಡೆಯೆಲ್ಲ ಈ ಮೌನವನ್ನು ಹಚ್ಚುತ್ತೇವೆ. ಮೌನ ಬಂಗಾರ ಅನ್ನುತ್ತಾರಲ್ಲ, ನಮ್ಮಲ್ಲಿ ಅದು ತೇಪೆಬಟ್ಟೆ.

ಈ ಸಲದ ಚಿತ್ರ ಜನ ಯಾವಾಗ ಖುಷಿಯಾಗಿರುತ್ತಾರೆ ಎಂಬುದರ ಬಗ್ಗೆ. ತಂಡದಲ್ಲಿ ಮೂವರೇ. ನಿರ್ದೇಶಕಿ, ಅವರನ್ನು ನಾವು ಮೇಡಂ ಅನ್ನುತ್ತೇವೆ. ಕ್ಯಾಮೆರಾಮನ್, ಅವನ ಅಡ್ಡಹೆಸರು ಫೋಕಸ್ಸು. ಮತ್ತೆ ನಾನು, ಅವನ ಬಾಯಲ್ಲಿ ‘ಕಿವಿ’. ಮೊದಲ ವಾರ ಪ್ರಶ್ನೆಗೆ ಸರಿಯಾದ ಪದ ಹುಡುಕುವುದರಲ್ಲೇ ಹೋಯಿತು. ‘ನಿಮಗೆ ಸುಖ ಕೊಡೋದು ಯಾವುದು?’ ಎಂದರೆ ಗಂಡಸರು ಹೆಂಡತಿಯ ಮುಖ ನೋಡಿ ಕಿಸಕ್ಕೆಂದರು, ಹೆಂಗಸರು ಎದ್ದು ಒಳಗೆ ಹೋದರು. ‘ಸಂತೋಷ’ ಎಂದರೆ ಎಲ್ಲರೂ ಬಹುಮಾನ ಹಂಚಲು ಬಂದ ಮುಖ್ಯ ಅತಿಥಿಗಳಾಗಿ ಗಂಟಲು ಸರಿಮಾಡಿಕೊಂಡರು. ‘ಆನಂದ ಎಲ್ಲಿ ಸಿಕ್ತಾನೆ’ ಎಂದು ಕೇಳಿದೆವೋ ಏನೋ ಎಂಬಂತೆ ಒಬ್ಬ ಮುದುಕರು, ಅವನು ಈ ಮನೆ ಬಿಟ್ಟು ಎರಡು ವರ್ಷವಾಯಿತು, ಎದುರು ಬೀದಿಯಲ್ಲಿ ವಿಚಾರಿಸಿ ಎಂದರು. ‘ನೆಮ್ಮದಿ’ಯನ್ನಂತೂ ಕೇಳಲೇಬಾರದು, ಅದನ್ನು ಹಾಳುಮಾಡಿದವರ ಪಟ್ಟಿ ಶುರುವಾಗಿ ನಮ್ಮ ಬ್ಯಾಟರಿ ಮುಗಿಯುತ್ತಿತ್ತು. ಕೊನೆಗೆ ‘ಖುಷಿ’ಯಲ್ಲಿ ನಿಂತೆವು. ಚಿಕ್ಕ ಪದ, ಹೇಳದೆ ಕೇಳದೆ ಒಳಗೆ ಬರುವಂಥದ್ದು.

ನಮ್ಮ ಪ್ರಶ್ನೆ ಸಿನಿಮಾದಲ್ಲಿ ಕೇಳಿಸುವುದಿಲ್ಲ, ಕತ್ತರಿಸಿಬಿಡುತ್ತೇವೆ. ಆದ್ದರಿಂದ ಉತ್ತರದೊಳಗೇ ಪ್ರಶ್ನೆಯೂ ಸೇರಿರಬೇಕು. ‘ಯಾವಾಗ ಖುಷಿಯಾಗಿದ್ರಿ?’ ಎಂದರೆ ‘ಹೋದ ವರ್ಷ’ ಅನ್ನಬಾರದು, ‘ನಾನು ಖುಷಿಯಾಗಿದ್ದಿದ್ದು ಹೋದ ವರ್ಷ’ ಅನ್ನಬೇಕು. ಇಷ್ಟಕ್ಕೇ ಜನ ಎಡವುತ್ತಾರೆ. ಉತ್ತರ ಹೇಳುವುದು ಸುಲಭ. ‘ನಾನು ಖುಷಿಯಾಗಿದ್ದಿದ್ದು’ ಎಂದು ತಮ್ಮ ಬಾಯಲ್ಲೇ ಶುರುಮಾಡುವಾಗ ನಾಲಗೆ ಹಿಂದೆ ಸರಿಯುತ್ತದೆ. ಇಷ್ಟಾಗಿ ಉತ್ತರ ಬಂದ ಮೇಲೂ ಮೇಡಂ ಮುಂದಿನ ಪ್ರಶ್ನೆಗೆ ಹೋಗುವುದಿಲ್ಲ. ತಲೆ ಸ್ವಲ್ಪ ವಾಲಿಸಿ ಸುಮ್ಮನೆ ನೋಡುತ್ತಾರೆ. ಆ ಹಳ್ಳಕ್ಕೆ ಎದುರಿಗಿದ್ದವರು ತಾವಾಗಿಯೇ ಬೀಳುತ್ತಾರೆ. ಲಿಫ್ಟ್ ರಿಪೇರಿಯವನು ಮೊದಲು ಮಕ್ಕಳ ಓದು ಅಂದ, ಮನೆ ಅಂದ. ಹದಿನೇಳು ಸೆಕೆಂಡು ಮೇಡಂ ಸುಮ್ಮನಿದ್ದರು. ಆಮೇಲೆ ಅವನು ಕೈ ನೋಡಿಕೊಳ್ಳುತ್ತ, “ಲಿಫ್ಟು ನೆಲಕ್ಕೆ ಸಮನಾಗಿ ನಿಂತ್ರೆ… ಕೂದಲೆಳೆ ಮೇಲೂ ಇಲ್ಲ, ಕೆಳಗೂ ಇಲ್ಲ. ಒಳಗಿರೋರಿಗೆ ಗೊತ್ತೇ ಆಗಲ್ಲ, ಇಳಿದು ಹೊರಟೋಗ್ತಾರೆ. ಅದು,” ಅಂದ.

ಹಲ್ಲಿನ ಡಾಕ್ಟರು ಮಾತ್ರ ಬೀಳಲಿಲ್ಲ. ಬೇರೆಯವರ ಬಾಯಿ ತೆಗೆಸಿ ಅಭ್ಯಾಸವಿದ್ದವರು, ತಮ್ಮದನ್ನು ತೆಗೆಯಲಿಲ್ಲ. ಬದಲಿಗೆ ಮರಗಟ್ಟಿಸುವ ಸೂಜಿಯ ಬಗ್ಗೆ ಹೇಳಿದರು. ಸೂಜಿ ಹಾಕಿದ ಮೇಲೆ ಪೇಷಂಟುಗಳು ಮತ್ತೆ ಮತ್ತೆ ತುಟಿ ಮುಟ್ಟಿ ನೋಡಿಕೊಳ್ಳುತ್ತಾರಂತೆ. ತುಟಿ ಅಲ್ಲೇ ಇರುತ್ತದೆ, ಬೆರಳಿಗೆ ಸಿಗುತ್ತದೆ, ತುಟಿಗೆ ಮಾತ್ರ ಬೆರಳು ಸಿಗುವುದಿಲ್ಲ. ನಾನು ಹೆಡ್‌ಫೋನಿನ ಒಳಗೆ ತಲೆ ಆಡಿಸಿದೆ. ಎಂಟು ತಿಂಗಳಿಂದ ನನ್ನ ಪಾಡೂ ಅದೇ.

ಮೊದಲೆಲ್ಲ ಶೂಟಿಂಗ್ ಮುಗಿಸಿ ವ್ಯಾನಿನಲ್ಲಿ ಬರುವಾಗ ಅವತ್ತು ಮಾತಾಡಿದವರನ್ನೆಲ್ಲ ನಾನು ಬಾಯಲ್ಲೇ ಮರುಪ್ರಸಾರ ಮಾಡುತ್ತಿದ್ದೆ. ಬ್ಯಾಂಕಿನವರ ಮೂಗು, ಬೀಗದವನ ತೊದಲು, ಮೇಡಮ್ಮಿನ ‘ಹ್ಮ್’ ಕೂಡ. ಒಮ್ಮೆ ಫೋನಿನಲ್ಲಿ ಫೋಕಸ್ಸಿನ ದನಿ ಮಾಡಿ ಅವನ ಹೆಂಡತಿಯ ಹತ್ತಿರ, ಸಂಜೆ ಪಾತ್ರೆ ನಾನೇ ತೊಳೀತೀನಿ ಅಂದಿದ್ದೆ. ಅವನು ಒಂದು ತಿಂಗಳು ತೊಳೆದ. ಈಗ ಅವನೇ, “ಲೋ ಕಿವಿ, ಆ ಹಲ್ಲು ಡಾಕ್ಟರ್ದು ಒಂಚೂರು ಮಾಡೋ” ಅನ್ನುತ್ತಾನೆ. ಗಂಟಲು ಸರಿಯಿಲ್ಲ ಅನ್ನುತ್ತೇನೆ. ಗಂಟಲು ಸರಿಯಾಗಿಯೇ ಇದೆ. ಸರಿಯಿಲ್ಲದ್ದು ಅಮ್ಮನದು.

ಅಮ್ಮ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದಳು, ಇಪ್ಪತ್ತಾರು ವರ್ಷ. ಅಲ್ಲಿ ಪ್ಲಾಟ್‌ಫಾರ್ಮಿಗೆ ಅಂಕಣ ಅನ್ನುತ್ತಾರೆ. ಅದಕ್ಕೇ ಕಾಲೇಜಿನಲ್ಲಿ ನಾನು ನಮ್ಮಮ್ಮ ಅಂಕಣಗಾರ್ತಿ ಎಂದು ಹೇಳಿಕೊಂಡು ತಿರುಗುತ್ತಿದ್ದೆ; ದಿನಕ್ಕೆ ಇನ್ನೂರು ಅಂಕಣ, ಒಂದೂ ಅಚ್ಚಾಗಿಲ್ಲ. ‘ಪ್ರಯಾಣಿಕರ ಗಮನಕ್ಕೆ’ ಎಂದು ಶುರುಮಾಡಿ ಒಂದು ಉಸಿರು ನಿಲ್ಲುತ್ತಿದ್ದಳು. ಗತ್ತೆಲ್ಲ ಅಲ್ಲೇ. ಗಮನ ಅಂದರೆ ಲಕ್ಷ್ಯ ಅಂತಲೂ ಹೌದು, ಹೋಗುವುದು ಅಂತಲೂ ಹೌದು. ಆ ಒಂದು ಉಸಿರಿನೊಳಗೆ ಜನ ಮೊದಲು ತಲೆ ಎತ್ತಿ ಆಮೇಲೆ ಗಂಟು ಎತ್ತುತ್ತಿದ್ದರು. ಅವಳ ದನಿ ದಣಿದದ್ದನ್ನು ಯಾರೂ ಕೇಳಿಲ್ಲ. ಬಸ್ಸಿನ ಹಣೆಯ ಬೋರ್ಡಿಗಿಂತ ಅವಳನ್ನು ಹೆಚ್ಚು ನಂಬುತ್ತಿದ್ದರು.

ಎಂಟು ತಿಂಗಳ ಹಿಂದೆ ಅವಳ ಧ್ವನಿಪೆಟ್ಟಿಗೆ ತೆಗೆದರು. ಗಡ್ಡೆ ಅಲ್ಲೇ ಬೇರುಬಿಟ್ಟಿತ್ತು. ಡಾಕ್ಟರು ಹೊರಗೆ ಬಂದು ಜೀವಕ್ಕೆ ಭಯವಿಲ್ಲ, ಮಾತು ಮಾತ್ರ ಬರುವುದಿಲ್ಲ ಎನ್ನುವಾಗ ನನಗೆ ಕೇಳಿಸಿದ್ದು ಅವರ ಬೆನ್ನ ಹಿಂದಿನ ನೀರಿನ ಯಂತ್ರದ ಗುಂಯ್. ಒಳ್ಳೆ ಸ್ಥಿರವಾದ ಸದ್ದು, ತೇಪೆಗೆ ಚೆನ್ನಾಗಿರುತ್ತೆ ಅಂದುಕೊಂಡೆ. ಅಂದಿನಿಂದ ಹಾಗೇ ಇದ್ದೇನೆ. ಎಲ್ಲ ಕೇಳಿಸುತ್ತದೆ. ಅಳು ಬಂದಿಲ್ಲ.

ಈಗ ಅವಳ ಕತ್ತಿನ ಬುಡದಲ್ಲಿ ಒಂದು ತೂತಿದೆ, ಉಸಿರಾಟ ಅದರಿಂದ. ಮಾತು ಕೈಯಲ್ಲಿ. ಚಪ್ಪಾಳೆ ಒಂದಾದರೆ ಬಾ, ಎರಡಾದರೆ ಸಾಕು, ಮೂರಾದರೆ ಇನ್ನೊಂದ್ ಸಲ. ಉಳಿದದ್ದಕ್ಕೆ ಮಕ್ಕಳ ಮ್ಯಾಜಿಕ್ ಸ್ಲೇಟು: ಬರೆದು, ಓದಿದ್ದಾಯಿತು ಎಂದು ಕಂಡಕೂಡಲೇ ಪಟ್ಟಿ ಎಳೆಯುತ್ತಾಳೆ, ‘ಸರ್’ ಎಂದು ಅಳಿಸಿಹೋಗುತ್ತದೆ.

ಅವಳ ದನಿ ಎಲ್ಲೂ ಇಲ್ಲ. ಅನೌನ್ಸ್‌ಮೆಂಟುಗಳೆಲ್ಲ ನೇರವಾಗಿ ಮೈಕಿಗೆ, ಯಾರೂ ಹಿಡಿದಿಟ್ಟಿಲ್ಲ. ನಿಲ್ದಾಣದಲ್ಲಿ ಈಗ ಕಂಪ್ಯೂಟರ್ ಹುಡುಗಿ ಮಾತಾಡುತ್ತಾಳೆ, ‘ಗಮನಕ್ಕೆ’ ಆದ ಮೇಲೆ ಉಸಿರೇ ಎಳೆಯುವುದಿಲ್ಲ. ಮನೆಯ ವಿಡಿಯೊಗಳಲ್ಲಿ ಅಮ್ಮ, ದಿನವೆಲ್ಲ ಅಲ್ಲಿ ಅರಚಿದ್ದು ಸಾಲದಾ ಎಂಬಂತೆ ಬಾಯಿ ಬಿಡದೆ ಕೈ ಅಡ್ಡ ಹಿಡಿದಿದ್ದಾಳೆ. ಮುಗ್ಗಲು ಹಿಡಿದ ಸಭಾಂಗಣಗಳ ಮೌನ ಕೂಡ ನನ್ನ ಡಿಸ್ಕುಗಳಲ್ಲಿದೆ; ಊರಿಗೆಲ್ಲ ಕಿವಿಕೊಟ್ಟವನ ಹತ್ತಿರ ಅಮ್ಮನ ಒಂದು ‘ಊಟ ಆಯ್ತಾ’ ಇಲ್ಲ. ದೀಪದ ಬುಡ ಕತ್ತಲು. ಅವಳ ದನಿ ಇದ್ದ ಇನ್ನೊಂದೇ ಜಾಗ ನನ್ನ ಗಂಟಲು. ಮಿಮಿಕ್ರಿ ನಾನು ಕಲಿತದ್ದೇ ಅವಳನ್ನು ಅಣಕಿಸಿ.

ಇದನ್ನೆಲ್ಲ ಫೋಕಸ್ಸು ಮೇಡಂ ಹತ್ತಿರ ಹೇಳಿದ. ಮರುದಿನವೇ ಅವರ ತಲೆ ವಾಲಿತು. ಅಮ್ಮನನ್ನು ಚಿತ್ರದಲ್ಲಿ ಸೇರಿಸೋಣ, ಅವರು ಬರೆಯಲಿ, ನೀವು ಅವರ ದನಿಯಲ್ಲಿ ಓದಿ ಅಂದರು. ಅದು ಸಾಕ್ಷ್ಯಚಿತ್ರ ಅಲ್ಲ ಮೇಡಂ, ಸುಳ್ಳುಸಾಕ್ಷ್ಯಚಿತ್ರ ಅಂದೆ. ಮಗ ಓದುತ್ತಿದ್ದಾನೆ ಎಂದು ತೆರೆಯ ಮೇಲೆ ಹಾಕಿಯೇ ಹಾಕುತ್ತೇವೆ, ಅದರಲ್ಲಿ ಸುಳ್ಳೇನು ಎಂದರು. ಅಮ್ಮ ಒಪ್ಪಲ್ಲ ಅಂದೆ. ಮನೆಗೆ ಹೋಗಿ ಹೇಳಿದರೆ ಅಮ್ಮ ಬರೆದಳು: ‘ಎಷ್ಟು ಗಂಟೆಗೆ?’

ಶೂಟಿಂಗ್ ದಿನ ಬೆಳಿಗ್ಗೆ ನಾನು ಮೈಕಿನ ವೈರು ಬಿಡಿಸುತ್ತಿದ್ದಾಗ ಒಂದು ಚಪ್ಪಾಳೆ ಕೇಳಿಸಿತು. ಅವಳು ಅಡುಗೆಮನೆಯಲ್ಲಿ ಸ್ಲೇಟು ಎತ್ತಿ ಹಿಡಿದಿದ್ದಳು.

‘ನಂಗೆ ನನ್ನ ದನಿ ಮರೀತಾ ಇದೆ. ನಿಂಗೆ ನೆನಪಿದ್ಯಾ?’

ಹೂಂ ಅಂದೆ. ಅವಳು ಪಟ್ಟಿ ಎಳೆದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಪ್ರಯತ್ನಿಸಿದೆ. ‘ಪ್ರಯಾಣಿಕರ’ ಅಂದೆ, ಬ್ಯಾಂಕಿನವರು ಬಂದರು. ಮತ್ತೆ ಅಂದೆ, ಹಲ್ಲಿನ ಡಾಕ್ಟರು ಬಂದರು. ಊರೆಲ್ಲ ಬಂತು, ಅಮ್ಮ ಬರಲಿಲ್ಲ. ಹೆದರಿಕೆಯಾಗಬೇಕಿತ್ತು. ನಲ್ಲಿಯ ಸದ್ದಿಗೆ ಕೆಳಗಿನ ಸ್ವರ ಜಾಸ್ತಿಯಾಯಿತು, ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆ ಎನ್ನಿಸಿತು, ತಿರುಗಿಸಿದೆ.

ಹನ್ನೊಂದಕ್ಕೆ ಮೇಡಂ, ಫೋಕಸ್ಸು ಮನೆಗೆ ಬಂದರು. ಅಡುಗೆಮನೆಯ ಕಿಟಕಿ ಬೆಳಕು ಚೆನ್ನಾಗಿದೆ ಎಂದು ಅಲ್ಲೇ ಕುರ್ಚಿ ಹಾಕಿದರು. ನಾನು ಫ್ರಿಜ್ಜು ಆರಿಸಿದೆ. ಫೋಕಸ್ಸು ವ್ಯಾನಿನ ಕೀಲಿಯನ್ನು ಅದರೊಳಗೆ ಇಟ್ಟ. ಹೊರಡುವಾಗ ಕೀಲಿ ಹುಡುಕಿದರೆ ಫ್ರಿಜ್ಜು ಹಾಕುವುದು ತಾನಾಗಿ ನೆನಪಾಗುತ್ತದೆ, ನಮ್ಮ ಕಸುಬಿನ ಹಳೇ ಉಪಾಯ. ಅಮ್ಮನಿಗೆ ಇದು ತುಂಬ ಹಿಡಿಸಿತು. ‘ಇವನ ಹೆಂಡತೀನ ಯಾವ ಫ್ರಿಜ್ಜಲ್ಲಿ ಇಟ್ಟಿದ್ದಾನೆ?’ ಎಂದು ನನ್ನ ಕಡೆ ಬೆರಳು ತೋರಿಸಿ ಬರೆದಳು. ನನಗೆ ಮದುವೆಯಾಗಿಲ್ಲ. ಫೋಕಸ್ಸು ಎರಡು ನಿಮಿಷ ನಕ್ಕ.

ಕೈಯ ಅಭ್ಯಾಸಬಲದಿಂದ ನಾನು ಅವಳ ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿದೆ, ತೂತಿನಿಂದ ನಾಲ್ಕು ಬೆರಳು ಕೆಳಗೆ. ಇವರಿಗೆ ಮೈಕು ಯಾಕೆ ಎಂದು ಮೇಡಂ ಕೇಳಿದರು. ಅಮ್ಮ ಅವರ ಕಡೆ ನೋಡದೆ ಮೈಕನ್ನು ಎರಡು ಬೆರಳಿನಿಂದ ನೆಟ್ಟಗೆ ಮಾಡಿಕೊಂಡಳು. ಇಪ್ಪತ್ತಾರು ವರ್ಷದ ಬೆರಳು.

ಮೇಡಂ ಕೇಳಿದರು. “ಅಮ್ಮ, ನೀವು ತುಂಬ ಖುಷಿಯಾಗಿದ್ದಿದ್ದು ಯಾವಾಗ?”

ಅಮ್ಮ ಬರೆದು ತೋರಿಸಿದಳು. ‘ಹೊರಟುಹೋದ ಬಸ್ಸನ್ನ ಅನೌನ್ಸ್ ಮಾಡೋ ಪದ್ಧತಿ ಇಲ್ಲ.’ ಮೇಡಂ ಓದಿ ಮುಗಿಸುವುದಕ್ಕೂ ಪಟ್ಟಿ ಸರ್ರೆನ್ನುವುದಕ್ಕೂ ಸರಿಹೋಯಿತು. ಫೋಕಸ್ಸಿನ ಕ್ಯಾಮೆರಾ ಇನ್ನೂ ಸ್ಲೇಟಿನ ಮೇಲೆ ಕೂತಿರಲಿಲ್ಲ. ಇನ್ನೊಂದ್ ಸಲ ಬರೀತೀರಾ ಎಂದು ಮೇಡಂ ವಿನಯವಾಗಿ ಕೇಳಿಕೊಂಡರು. ಅಮ್ಮ ಬರೆದಳು: ‘ಮೊಮ್ಮಕ್ಕಳು ಹುಟ್ಟಿದಾಗ. ಅಂತ ಬರೀಬಹುದಿತ್ತು. ಇವನನ್ನ ಕೇಳಿ.’ ಉತ್ತರ ಬೇರೆ ಆಯಿತಲ್ಲ ಎಂದರೆ, ಒಂದೇ ಬಸ್ಸು ಎರಡು ಸಲ ಹೊರಡುತ್ತದಾ ಎಂಬಂತೆ ನೋಡಿದಳು.

ಆಗ ಮೇಡಂ ತಮ್ಮ ಅಸ್ತ್ರ ತೆಗೆದರು. ತಲೆ ವಾಲಿಸಿ ಸುಮ್ಮನಾದರು.

ಅಮ್ಮನೂ ತಲೆ ವಾಲಿಸಿ ಸುಮ್ಮನಾದಳು. ಸುಮ್ಮನಿರುವುದರಲ್ಲಿ ಮೇಡಂ ಅನುಭವಸ್ಥರಿರಬಹುದು, ಅಮ್ಮನಿಗೆ ಎಂಟು ತಿಂಗಳಿಂದ ಬೇರೆ ಕೆಲಸವೇ ಇಲ್ಲ. ನಲವತ್ತು ಸೆಕೆಂಡು. ಐವತ್ತು. ಹೆಡ್‌ಫೋನಿನಲ್ಲಿ ನನಗೆ ಕೇಳುತ್ತಿದ್ದದ್ದು ಕಾಲರಿನ ಮೈಕಿಗೆ ಬೀಳುತ್ತಿದ್ದ ಅವಳ ಉಸಿರು, ಹುಸ್… ಹುಸ್… ಮೇಡಂ ಮೊದಲು ಕಣ್ಣು ತಗ್ಗಿಸಿದರು. ಇದಾದ ಮೇಲೆ, ಗೆದ್ದವರು ಸೋತವರಿಗೆ ಬಿಟ್ಟುಕೊಡುವ ಹಾಗೆ, ಅಮ್ಮ ಸ್ಲೇಟು ಎತ್ತಿಕೊಂಡಳು. ಕ್ಯಾಮೆರಾ ಕಡೆ ಅಲ್ಲ, ನನ್ನ ಕಡೆ ನೋಡಿ ಬರೆದಳು.

‘ಇವನು ನನ್ನ ದನಿ ಕದ್ದ ದಿನ.’

ಅದನ್ನು ಇಲ್ಲಿ ಹೇಳಬೇಕು. ಕಾಲೇಜಿನ ಎರಡನೇ ವರ್ಷ, ಬಸ್ ಪಾಸು ತೆಗೆದುಕೊಳ್ಳಲು ನಿಲ್ದಾಣಕ್ಕೆ ಹೋಗಿದ್ದೆ. ಅಮ್ಮನ ಗಾಜಿನ ಗೂಡು ಖಾಲಿ ಇತ್ತು, ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಬಾಯಿ ತುರಿಸಿತು. ‘ಪ್ರಯಾಣಿಕರ ಗಮನಕ್ಕೆ’ ಎಂದು ಅವಳ ದನಿಯಲ್ಲೇ ಶುರುಮಾಡಿದೆ. ಬಂದರಿಗೆ ಹೋಗುವ ಹದಿನಾಲ್ಕನೇ ನಂಬರು ನಿಂತಿದ್ದದ್ದು ಮೂರನೇ ಅಂಕಣದಲ್ಲಿ; ನಾನು ಅಂಕಿಗಳನ್ನು ತಿರುವುಹಾಕಿ ನಲವತ್ತೊಂದು ಅಂದುಬಿಟ್ಟೆ. ಬೇಕಂತ ಅಲ್ಲ, ಓದಿದ್ದೇ ತಪ್ಪು. ಬೆಟ್ಟದ ಕಡೆ ಹೋಗಬೇಕಿದ್ದ ನಲವತ್ತೊಂದರ ಜನವೆಲ್ಲ ಬೋರ್ಡೂ ನೋಡದೆ ಬಂದರಿನ ಬಸ್ಸು ಹತ್ತಿದರು. ಅದರಲ್ಲಿ ಒಂದು ವಾಲಿಬಾಲ್ ತಂಡವೂ ಇತ್ತು. ಬಂದರಿನಲ್ಲಿ ಇಳಿದು, ಆಡುವವರಿಲ್ಲದೆ ಮೀನಿನ ಲಾರಿಯವರ ಜೊತೆ ಆಡಿ ಸೋತಿತಂತೆ. ಅಮ್ಮನಿಗೆ ಮೆಮೊ ಬಂತು. ಗಂಟಲು ಕೆಟ್ಟು ಮಾತು ತಪ್ಪಿತು ಎಂದು ಬರೆದುಕೊಟ್ಟಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವಳಿಗೆ ಗೊತ್ತೇ ಆಗಿಲ್ಲ ಎಂದು ನಾನು ಹತ್ತೊಂಬತ್ತು ವರ್ಷ ನಂಬಿಕೊಂಡಿದ್ದೆ.

ಅವಳು ಪಟ್ಟಿ ಎಳೆದು ಮತ್ತೆ ಬರೆದಳು. ಸ್ಲೇಟು ಚಿಕ್ಕದು, ಮೂರು ಕಂತಾಯಿತು.

‘ಕ್ಯಾಂಟೀನಲ್ಲಿ ಟೀ ಮುಂದೆ ಕೂತಿದ್ದೆ. ನನ್ನ ದನಿ ಕೇಳಿಸ್ತು. ನಾನು ಇಲ್ಲಿದ್ದೀನಿ, ಅದು ಅಲ್ಲಿದೆ.’

ಸರ್.

‘ತಪ್ಪು ಹೇಳ್ತಿದಾನೆ ಅಂತ ಗೊತ್ತಾಯ್ತು. ಓಡಬೇಕಿತ್ತು. ಓಡಲಿಲ್ಲ.’

ಸರ್.

‘ಆ ಕೆಲಸಕ್ಕೆ ಸೇರಿದ ಮೇಲೆ ಮೊದಲನೇ ಸಲ ಟೀ ಬಿಸಿ ಇರೋವಾಗ್ಲೇ ಪೂರ್ತಿ ಕುಡಿದೆ.’

ಇದನ್ನು ಅಳಿಸಲಿಲ್ಲ. ಫೋಕಸ್ಸು ಬೇಕಾದಷ್ಟು ಹೊತ್ತು ತೆಗೆದುಕೊಂಡ. ಮೇಡಂ ಮೂಗು ಒರೆಸಿಕೊಂಡರು. ನನಗೆ ಆ ಟಿಶ್ಯೂ ಕಾಗದದ ಚರಚರ ಕೇಳಿಸಿತು, ಜೋರಾಯಿತು ಎನ್ನಿಸಿತು, ಅಷ್ಟೇ. ಒಂದು ನಿಮಿಷ ಎಲ್ಲರೂ ಸುಮ್ಮನಿರಿ ಎಂದು ನನ್ನ ಮಾಮೂಲಿ ಮಾತು ಹೇಳಿ ಕೋಣೆಯ ಸದ್ದು ಹಿಡಿದೆ. ಅರವತ್ತು ಸೆಕೆಂಡೂ ಅಮ್ಮ ನನ್ನನ್ನೇ ನೋಡುತ್ತಿದ್ದಳು.

ಇನ್ನು ಓದುವ ಸರದಿ. ಅವಳ ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಮುಂದೆ ದೊಡ್ಡ ಮೈಕು ಇಟ್ಟುಕೊಂಡೆ. ನೇರ ಉತ್ತರಕ್ಕೆ ಹೋಗುವ ಬದಲು ದನಿ ಕೂಡಿಸಿಕೊಳ್ಳಲು ಅವಳದೇ ಮಾತಿನಿಂದ ಶುರುಮಾಡಿದೆ. “ಪ್ರಯಾಣಿಕರ ಗಮನಕ್ಕೆ ಬಂದರಿಗೆ ಹೋಗುವ—” ಬಂದದ್ದು ಅಮ್ಮನಲ್ಲ. ಯಾರೂ ಅಲ್ಲ. ಮೂವತ್ತೆಂಟು ವರ್ಷದ ಗಂಡಸೊಬ್ಬ ಹೆಣ್ಣುದನಿ ಮಾಡುತ್ತಿದ್ದ. ಮತ್ತೆ ಮಾಡಿದೆ, ಇನ್ನೂ ಹಾಳಾಯಿತು. ಫೋಕಸ್ಸು ಲೆನ್ಸು ಒರೆಸುವ ನೆಪದಲ್ಲಿ ತಲೆ ತಗ್ಗಿಸಿದ. ಬೆಳಿಗ್ಗೆ ಹೂಂ ಅಂದದ್ದು ಸುಳ್ಳು ಎಂದು ಅಮ್ಮನಿಗೆ ಗೊತ್ತಾಗಿರಬೇಕು. ಅವಳು ಸ್ಲೇಟು ತೆಗೆದುಕೊಂಡು ಬರೆದು ನನ್ನ ತೊಡೆಯ ಮೇಲಿಟ್ಟಳು.

‘ಗಮನಕ್ಕೆ ಆದ್ಮೇಲೆ ಉಸಿರು ತಗೋಬೇಕು ಕಣೋ. ಬಸ್ಸು ಓಡಿಸ್ತಿದೀಯಾ?’

ಅಷ್ಟು ಬರೆದು ನನ್ನ ಕೈಯ ಮೇಲೆ ಎರಡು ಬೆರಳು ಇಟ್ಟಳು, ಮೈಕನ್ನು ನೆಟ್ಟಗೆ ಮಾಡಿಕೊಂಡಿದ್ದ ಹಾಗೆಯೇ.

“ಪ್ರಯಾಣಿಕರ ಗಮನಕ್ಕೆ,” ಅಂದೆ. ನಾನು ಉಸಿರು ಎಳೆಯುವ ಮೊದಲೇ ಪಕ್ಕದಲ್ಲಿ ಅವಳು ಎಳೆದಳು. ಹುಸ್. ಇಷ್ಟು ಉದ್ದ, ಇದಕ್ಕಿಂತ ಹೆಚ್ಚು ಬೇಡ ಎಂಬಂತೆ ಅವಳು ಬೆರಳೆತ್ತಿದಳು, ನಾನು ಮುಂದಿನದನ್ನು ಹೇಳಿದೆ. ಪ್ರತಿ ನಿಲುಗಡೆಯಲ್ಲೂ ಅವಳ ಉಸಿರು, ಆಮೇಲೆ ನನ್ನ ಮಾತು. ಬಂದರಿನ ಬಸ್ಸು ಹೊರಟಿತು, ಟೀ ಬಂತು, ಓಡಬೇಕಿತ್ತು, ಓಡಲಿಲ್ಲ. ಒಂದೇ ಟೇಕಿನಲ್ಲಿ ಮುಗಿಯಿತು. ದನಿ ಅವಳದಾಗಿತ್ತೇ ಎಂದು ಹೇಳಲಾರೆ, ಅಷ್ಟು ಹತ್ತಿರ ಕೂತವನಿಗೆ ಗೊತ್ತಾಗುವುದಿಲ್ಲ. ಅವರು ಕೀಲಿಗಾಗಿ ಹುಡುಕಾಡಿ, ಫ್ರಿಜ್ಜು ಹಾಕಿ, ಹೊರಟುಹೋದರು.

ಎಡಿಟಿಂಗ್ ಕೋಣೆಯಲ್ಲಿ ಮೇಡಂ ಮೂರು ಸಲ ಕೇಳಿದರು. ಚೆನ್ನಾಗಿದೆ ಅಂದರು. ಆ ಹುಸ್ ಹುಸ್ ಒಂದು ತೆಗೆದುಬಿಡಿ, ಗಾಳಿ ಹೊಡೆದ ಹಾಗಿದೆ ಅಂದರು.

“ಅದು ಹೋಗಲ್ಲ ಮೇಡಂ.”

“ಆ ಮದುವೆಮನೆ ಜನರೇಟರ್ ಸದ್ದನ್ನೇ ತೆಗೆದಿದ್ರಿ.”

“ಇದು ಹೋಗಲ್ಲ. ಮಾತಿಗೆ ಅಂಟಿಕೊಂಡಿದೆ.”

ಅಂಟಿಕೊಂಡಿರಲಿಲ್ಲ. ಅದು ಕಾಲರಿನ ಮೈಕು, ಬೇರೆಯೇ ಟ್ರ್ಯಾಕು; ಒಂದು ಗುಂಡಿ ಒತ್ತಿದ್ದರೆ ಹೋಗುತ್ತಿತ್ತು. ಕಸುಬಿನಲ್ಲಿ ನಾನು ಹೇಳಿದ ಮೊದಲನೇ ಸುಳ್ಳು. ಮೇಡಂ ತಲೆ ವಾಲಿಸಿ ಸುಮ್ಮನೆ ನೋಡಿದರು. ನಾನು ಬೀಳಲಿಲ್ಲ. “ಹ್ಮ್” ಅಂದರು.

“ಹ್ಮ್,” ಅಂದೆ ನಾನು, ಅವರದೇ ದನಿಯಲ್ಲಿ. ಹೇಗೆ ಬಂತೋ ಗೊತ್ತಿಲ್ಲ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಅಮ್ಮನಿಗೆ ಟೀ ಮಾಡಿಕೊಟ್ಟೆ. ಅವಳು ಅಡುಗೆಮನೆಯ ಅದೇ ಕುರ್ಚಿಯಲ್ಲಿ ಕೂತಿದ್ದಳು. ಕೇಳಿಸುತ್ತೇನೆ ಎಂದು ಹೇಳಲಿಲ್ಲ. ನಡುಕೋಣೆಗೆ ಬಂದು ಸ್ಪೀಕರಿಗೆ ಸಿಕ್ಕಿಸಿ, ಗೋಡೆಯ ಈಚೆಯಿಂದ ಹಾಕಿದೆ. ಪ್ರಯಾಣಿಕರ ಗಮನಕ್ಕೆ. ಹುಸ್. ಮುಗಿದ ಮೇಲೆ ಒಳಗಿನಿಂದ ಮೂರು ಚಪ್ಪಾಳೆ ಕೇಳಿಸಿತು. ಮತ್ತೆ ಹಾಕಿದೆ. ಮತ್ತೆ ಮೂರು. ಮೂರನೇ ಸಲ ಹಾಕಿ ಕಾದೆ. ಯಾವ ಚಪ್ಪಾಳೆಯೂ ಬರಲಿಲ್ಲ.

ಎದ್ದು ಹೋಗಿ ನೋಡಿದೆ. ಅವಳು ಅಲ್ಲಿರಲಿಲ್ಲ, ಹಿಂದಿನ ಬಾಗಿಲಾಚೆ ಬಟ್ಟೆ ಝಾಡಿಸಿ ಹರವುತ್ತಿದ್ದಳು. ಸ್ಲೇಟಿನ ಮೇಲೆ ‘ನಂದು ಇಷ್ಟು ಕೀರಲು ಇರ್ಲಿಲ್ಲ’ ಎಂದಿತ್ತು, ಅಳಿಸಿರಲಿಲ್ಲ. ಪಕ್ಕದಲ್ಲಿ ಲೋಟ ಖಾಲಿಯಾಗಿತ್ತು. ಮುಟ್ಟಿ ನೋಡಿದೆ. ಇನ್ನೂ ಬಿಸಿಯಿತ್ತು.